ಗಂಡ ಹೆಂಡಿರು ಕೂಡಿ ತಿಳಿಯಬೇಕಾದ ಬಟ್ಟೆಯ ವಿಚಾರ

ಮನೆಗೆ ಬೇಕಾದ ಸೀರೆ, ಪಂಚೆ, ಮಕ್ಕಳ ಅಂಗಿಗಳ ವಿಷಯವನ್ನು ದಂಪತಿಗಳು ಕೂಡಿ ಮಾತನಾಡುತ್ತಾರೆ. ಯಾವ ಅಂಗಡಿಯಲ್ಲಿ ಅಗ್ಗ, ಯಾವ ಬಟ್ಟೆ ಹೆಚ್ಚು ಬಾಳಿಕೆ ಬರುತ್ತದೆ ಎಂಬುದನ್ನು ಸಂತೆಗೆ ಹೊರಡುವ ಮುನ್ನವೇ ನಿಶ್ಚಯಿಸುತ್ತಾರೆ. ಆದರೆ ಹೆಂಡತಿಯು ಪ್ರತಿ ತಿಂಗಳೂ ನಾಲ್ಕೈದು ದಿನ ಬಳಸುವ ಬಟ್ಟೆಯೊಂದುಂಟು. ಅದರ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಹಳೆಯ ಸೀರೆಯ ತುಂಡೋ ಸವೆದ ಪಂಚೆಯ ಚೂರೋ ಆದ ಈ ಬಟ್ಟೆಯು ಬಚ್ಚಲ ಮೂಲೆಯಲ್ಲಿ, ಸೂರಿನ ಸಂದಿಯಲ್ಲಿ ಅಥವಾ ಇನ್ನೊಂದು ಬಟ್ಟೆಯ ಅಡಿಯಲ್ಲಿ ಅಡಗಿಕೊಂಡು ಒಣಗಬೇಕಾಗುತ್ತದೆ. ಬಿಸಿಲು ಗಾಳಿ ಕಾಣದ ಕಾರಣ ಅದು ಪೂರ್ತಿ ಒಣಗುವುದೂ ಇಲ್ಲ. ಹಸಿ ಆರದ ಬಟ್ಟೆಯಲ್ಲಿ ರೋಗಾಣುಗಳೂ ಶಿಲೀಂಧ್ರಗಳೂ ಬೆಳೆಯುವುದರಿಂದ ತುರಿಕೆ, ಉರಿ, ತೊಡೆಯ ಸಂದಿಯ ಹುಣ್ಣುಗಳು ಉಂಟಾಗಬಹುದು.

ಬಟ್ಟೆಯನ್ನು ಬಳಸುವುದು ತಪ್ಪಲ್ಲ. ಶುಚಿಯಾದ ಹತ್ತಿಯ ಬಟ್ಟೆಯು ಇಂದಿಗೂ ಒಳ್ಳೆಯ ಸಾಧನವೇ. ಅದನ್ನು ಬಚ್ಚಿಡಬೇಕಾದ ಸ್ಥಿತಿಯಲ್ಲಿಯೇ ಕೇಡಿದೆ. ಸ್ತ್ರೀಯರ ಈ ಒಳಬಟ್ಟೆಯನ್ನು ತಯಾರಿಸಲು ಹೊರಟ ಕೆಲವು ಚಿಕ್ಕ ಉದ್ಯಮಗಳ ಒಳಗೆ ನಡೆದ ಸಂಗತಿಗಳು ಇದನ್ನು ಚೆನ್ನಾಗಿ ತೋರಿಸಿಕೊಡುತ್ತವೆ.

ಕೊಯಮತ್ತೂರಿನ ಕೆಲಸಗಾರ

ನಮ್ಮ ಚಾಮರಾಜನಗರ ಜಿಲ್ಲೆಯ ಗಡಿಯಿಂದ ಬಹು ದೂರವಲ್ಲದ ಕೊಯಮತ್ತೂರಿನಲ್ಲಿ ಅರುಣಾಚಲಂ ಮುರುಗನಾಥಂ ಎಂಬುವರು ಇದ್ದಾರೆ. ಕೈಮಗ್ಗದ ನೇಕಾರರ ಮಗ. ತಂದೆ ತೀರಿಕೊಂಡ ಮೇಲೆ 14ನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಕೂಲಿನಾಲಿ ಮಾಡಿ, ವೆಲ್ಡಿಂಗ್ ಕೆಲಸ ಕಲಿತವರು. 1998ರಲ್ಲಿ ಶಾಂತಿ ಎಂಬುವರೊಡನೆ ಅವರ ವಿವಾಹವಾಯಿತು. ಮದುವೆಯಾದ ಹೊಸತರಲ್ಲಿ ಒಂದು ದಿನ ಹೆಂಡತಿಯು ಏನನ್ನೋ ಬೆನ್ನ ಹಿಂದೆ ಮರೆಮಾಡಿದುದನ್ನು ಕಂಡು ವಿಚಾರಿಸಿದರು. ಅದು ಮುಟ್ಟಿನ ಬಟ್ಟೆ. ತಮ್ಮ ಸ್ಕೂಟರನ್ನು ಒರೆಸಲೂ ತಾವು ಅಂಥ ಚಿಂದಿಯನ್ನು ಬಳಸಲಾರೆವೆಂದು ಅವರಿಗೆ ಅನ್ನಿಸಿತು. ಅಂಗಡಿಯ ಪ್ಯಾಡನ್ನು ಏಕೆ ಕೊಳ್ಳಬಾರದೆಂದು ಕೇಳಿದಾಗ, ಹಾಗೆ ಮಾಡಿದರೆ ಮನೆಯ ಹಾಲಿನ ಹಣಕ್ಕೆ ಕತ್ತರಿ ಬೀಳುವುದೆಂದು ಆಕೆ ತಿಳಿಸಿದರು.

ಈ ಉತ್ತರವನ್ನು ಓದುಗರು ಗಮನಿಸಬೇಕು. ಆ ಗೃಹಿಣಿಗೆ ಶುಚಿತ್ವದ ತಿಳಿವಳಿಕೆ ಇತ್ತು. ಆದರೆ ಮನೆಯ ಆಯವ್ಯಯದಲ್ಲಿ ತನ್ನ ಪಾಲನ್ನು ಕೊನೆಗೆ ಇಟ್ಟುಕೊಂಡಿದ್ದರು. ಎಷ್ಟು ಮನೆಗಳಲ್ಲಿ ಹೀಗಾಗುತ್ತಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಮುರುಗನಾಥಂ ಅವರು ಒಂದು ಪ್ಯಾಡನ್ನು ಕೊಂಡು ಕೈಯಲ್ಲಿ ತೂಗಿ ನೋಡಿದರು. ಹತ್ತು ಗ್ರಾಂ ಹತ್ತಿಯಷ್ಟು ತೂಕ. ಅಷ್ಟು ಹತ್ತಿಗೆ ಆಗ ಹತ್ತು ಪೈಸೆ ಬೆಲೆಯಿದ್ದರೆ, ಪ್ಯಾಡಿಗೆ ಅದರ ನಲವತ್ತು ಪಾಲು ಬೆಲೆಯಿತ್ತು. ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ತಾವೇ ಒಂದನ್ನು ಮಾಡಿ ಹೆಂಡತಿಗೆ ಕೊಟ್ಟು, ಹೇಗಿದೆಯೆಂದು ಕೂಡಲೇ ತಿಳಿಸಬೇಕೆಂದು ಕೇಳಿದರು. ಅದಕ್ಕೆ ತಿಂಗಳು ಕಾಯಬೇಕೆಂಬುದು ಆಗಷ್ಟೇ ಅವರ ಅರಿವಿಗೆ ಬಂತು! ಮದುವೆಯಾದ ಗಂಡಸಿಗೂ ಇಷ್ಟು ಮಾತ್ರದ ತಿಳಿವಳಿಕೆ ಇಲ್ಲದಿದ್ದುದು ಆ ಒಬ್ಬರ ದೋಷವಲ್ಲ. ನಮ್ಮ ಗಂಡುಮಕ್ಕಳಿಗೆ ಈ ವಿಷಯವನ್ನು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಹೇಳಿಕೊಡುವುದಿಲ್ಲ.

ಹೇಳುವವರಿಲ್ಲದ ಪರೀಕ್ಷೆ

ಹೆಂಡತಿಗೆ ಆ ಪ್ಯಾಡು ಹಿಡಿಸಲಿಲ್ಲ. ಆಕೆ ಮತ್ತೆ ಹಳೆಯ ಬಟ್ಟೆಗೇ ಮರಳಿದರು. ತಂಗಿಯರು ಮಾತನಾಡಲು ಒಪ್ಪಲಿಲ್ಲ. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರಿಗೆ ಪ್ಯಾಡುಗಳನ್ನೂ ಅಭಿಪ್ರಾಯ ಬರೆಯುವ ಹಾಳೆಗಳನ್ನೂ ಕೊಟ್ಟು ನೋಡಿದರೆ, ಎಲ್ಲರ ಹಾಳೆಗಳನ್ನು ಇಬ್ಬರು ಮೂವರೇ ಕುಳಿತು ತುಂಬುತ್ತಿದ್ದುದು ಕಂಡಿತು. ಕಡೆಗೆ ತಮ್ಮ ಮೈಮೇಲೆಯೇ ಪರೀಕ್ಷೆಗೆ ತೊಡಗಿದರು. ಕಾಲ್ಚೆಂಡಿನ ಒಳಗಿನ ರಬ್ಬರು ಚೀಲದಲ್ಲಿ ಮೇಕೆಯ ರಕ್ತವನ್ನು ತುಂಬಿ, ಸೊಂಟಕ್ಕೆ ಕಟ್ಟಿಕೊಂಡು, ಹೆಂಗಸರ ಒಳಚಡ್ಡಿಯೊಳಗೆ ಪ್ಯಾಡನ್ನಿಟ್ಟು, ನಡೆದರೆ, ಸೈಕಲ್ ತುಳಿದರೆ ಎಷ್ಟು ಹೀರುತ್ತದೆಯೆಂದು ನೋಡಿದರು. ರಕ್ತದ ಕಲೆಯಾದ ಬಟ್ಟೆಗಳನ್ನು ಊರ ಬಾವಿಯ ಬಳಿ ಒಗೆಯುತ್ತಿದ್ದುದನ್ನು ಕಂಡ ಜನರು ಇವರಿಗೆ ಕೆಟ್ಟ ರೋಗ ತಗುಲಿದೆಯೆಂದು ಆಡಿಕೊಂಡರು.

ಒಂದೂವರೆ ವರ್ಷದಲ್ಲಿ ಹೆಂಡತಿ ತವರಿಗೆ ಹೋದರು. ಬಳಸಿದ ಪ್ಯಾಡುಗಳನ್ನು ಸಂಗ್ರಹಿಸಿ ಹಿತ್ತಿಲಲ್ಲಿ ಹರಡಿ ನೋಡುತ್ತಿದ್ದುದನ್ನು ಕಂಡು ತಾಯಿಯೂ ಮನೆ ಬಿಟ್ಟರು. ದೆವ್ವ ಹಿಡಿದಿದೆಯೆಂದು ಊರವರು ಹೇಳತೊಡಗಿದ ಮೇಲೆ ಅವರು ಊರನ್ನೇ ತೊರೆಯಬೇಕಾಯಿತು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹೆಂಡತಿಯನ್ನು ತಿಳಿಗೇಡಿಯಂತೆ ತೋರಿಸುತ್ತಾರೆ. ಅದು ಸರಿಯಲ್ಲ. ಊರಿನ ಬಾಯಿಗೆ ಸಿಕ್ಕವರು ಆಕೆ. ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ ಹೆಂಡತಿಯ ಮನಸ್ಸನ್ನು ಅರಿಯದೆ, ಆಕೆಯ ಸಂಕೋಚಕ್ಕೆ ಕಾಲಾವಕಾಶ ಕೊಡದೆ ಮುನ್ನುಗ್ಗಿದರೆ ಮನೆಯಲ್ಲಿ ನೆಮ್ಮದಿ ಉಳಿಯುವುದು ಕಷ್ಟ.

ಪ್ಯಾಡಿನೊಳಗೆ ಇರುವುದು ಹತ್ತಿಯಲ್ಲ, ಮರದ ತಿರುಳಿನಿಂದ ತೆಗೆದ ನಾರು ಎಂಬುದನ್ನು ಕಂಡುಕೊಳ್ಳಲು ಅವರಿಗೆ ಎರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಹತ್ತಿ ರಕ್ತವನ್ನು ಹೀರುತ್ತದೆ, ಆದರೆ ಒತ್ತಡ ಬಿದ್ದಾಗ ಹಿಡಿದುಕೊಳ್ಳುವುದಿಲ್ಲ. ಮರದ ನಾರು ಹೀರಿದುದನ್ನು ಒಳಗೇ ಹಿಡಿದಿಡುತ್ತದೆ. ಅದನ್ನು ಸಂಸ್ಕರಿಸುವ ದೊಡ್ಡ ಯಂತ್ರಗಳಿಗೆ ಕೋಟಿಗಟ್ಟಲೆ ಬೆಲೆ. ನಾಲ್ಕೂವರೆ ವರ್ಷ ದುಡಿದು ಅವರು ಚಿಕ್ಕ ಯಂತ್ರವೊಂದನ್ನು ಮಾಡಿದರು. ಕೈಯಿಂದ ನಡೆಸುವ ಮಾದರಿಯ ಬೆಲೆ ಸುಮಾರು 75,000 ರೂಪಾಯಿ. ಮುಂದೆ ರಾಷ್ಟ್ರಮಟ್ಟದ ಪ್ರಶಸ್ತಿ ಬಂತು, ಪತ್ರಿಕೆಗಳಲ್ಲಿ ಹೆಸರು ಬಂತು. ಐದು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ ಶಾಂತಿಯವರೂ ಮರಳಿ ಬಂದರು. 2016ರಲ್ಲಿ ಮುರುಗನಾಥಂ ಅವರಿಗೆ ಪದ್ಮಶ್ರೀ ದೊರೆಯಿತು.

ಎರಡು ಕೋಣೆಗಳ ಕಾರ್ಖಾನೆ

ಯಂತ್ರವನ್ನು ದೊಡ್ಡ ವ್ಯಾಪಾರಿಗಳಿಗೆ ಮಾರದೆ ಹಳ್ಳಿಯ ಸ್ತ್ರೀಯರ ಸ್ವಸಹಾಯ ಸಂಘಗಳಿಗೆ ಕೊಡುವುದೆಂದು ಅವರು ನಿಶ್ಚಯಿಸಿದರು. ಉತ್ತರದ ರಾಜ್ಯಗಳ ಹಳ್ಳಿಗಳಿಗೆ ಹೋದಾಗ, ಹೆಂಗಸರೊಡನೆ ಮಾತನಾಡಲು ಮೊದಲು ಗಂಡನ ಅಥವಾ ತಂದೆಯ ಒಪ್ಪಿಗೆ ಬೇಕಾಗುತ್ತಿತ್ತು. ಎಷ್ಟೋ ವೇಳೆ ನಡುವೆ ಒಂದು ಪರದೆ ಕಟ್ಟಿ ಮಾತು ನಡೆಯುತ್ತಿತ್ತು.

ಕೆಲಸದ ವಿಧಾನ ಸರಳವಾದುದು. ಮರದ ತಿರುಳಿನ ಗಟ್ಟಿ ಹಾಳೆಯನ್ನು ಮನೆಯ ಮಿಕ್ಸಿಯಂತಹ ಯಂತ್ರದಲ್ಲಿ ಹಾಕಿ ಅರಳೆಯಂತೆ ಬಿಡಿಸುತ್ತಾರೆ. ಅದನ್ನು ಅಚ್ಚಿನಲ್ಲಿಟ್ಟು ಒತ್ತಿ ಹಲಗೆಯಂತೆ ಮಾಡಿ, ತೆಳುವಾದ ಬಟ್ಟೆಯಲ್ಲಿ ಸುತ್ತಿ ಅಂಚನ್ನು ಬೆಸೆಯುತ್ತಾರೆ. ಕೊನೆಗೆ ಅತಿನೇರಳೆ ಕಿರಣಗಳಿರುವ ಪೆಟ್ಟಿಗೆಯಲ್ಲಿಟ್ಟು ರೋಗಾಣುಗಳನ್ನು ನಾಶಪಡಿಸುತ್ತಾರೆ. ಒಂದು ಹೊತ್ತಿನಲ್ಲಿ ಕಲಿಯಬಹುದಾದ ಕೆಲಸ.

ಉತ್ತರ ಪ್ರದೇಶದ ಹಾಪುಡ್ ಜಿಲ್ಲೆಯ ಕಾಠಿಖೇಡಾ ಎಂಬ ಹಳ್ಳಿಯಲ್ಲಿ ಇಂತಹ ಒಂದು ಘಟಕ ಆರಂಭವಾಯಿತು. ಅದನ್ನು ಕುರಿತ ಸಾಕ್ಷ್ಯಚಿತ್ರಕ್ಕೆ 2019ರಲ್ಲಿ ಆಸ್ಕರ್ ಪ್ರಶಸ್ತಿ ದೊರೆತುದರಿಂದ ಅದು ಹೆಸರಾಯಿತು. ಆ ವರ್ಷ ಅಲ್ಲಿ ಏಳು ಮಂದಿ ಹೆಂಗಸರು, ಹದಿನೆಂಟರಿಂದ ಮೂವತ್ತೊಂದು ವರ್ಷದೊಳಗಿನವರು, ಒಂದು ಮನೆಯ ಎರಡು ಕೋಣೆಗಳಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ವಾರಕ್ಕೆ ಆರು ದಿನ ದುಡಿಯುತ್ತಿದ್ದರು. ದಿನಕ್ಕೆ 600 ಪ್ಯಾಡುಗಳು. ತಿಂಗಳಿಗೆ 2,500 ರೂಪಾಯಿ ಸಂಬಳ. ಎಲ್ಲಕ್ಕಿಂತ ದೊಡ್ಡ ತೊಡಕು ವಿದ್ಯುತ್ತಿನದು. ಹಗಲು ಕರೆಂಟು ಹೋದರೆ ರಾತ್ರಿ ಮತ್ತೆ ಬಂದು ಬಾಕಿಯ ಲೆಕ್ಕ ಮುಗಿಸಬೇಕಾಗುತ್ತಿತ್ತು.

ಇಷ್ಟಾದರೂ, ತಾವು ಏನು ತಯಾರಿಸುತ್ತಿದ್ದೇವೆಂದು ಕೆಲವರು ಮನೆಯಲ್ಲಿ ಹೇಳಿರಲಿಲ್ಲ. ಮಕ್ಕಳಿಗೆ ಕಟ್ಟುವ ಬಟ್ಟೆಯೆಂದು ಹೇಳಿ ಬರುತ್ತಿದ್ದರು. ಒಬ್ಬಾಕೆಯ ಗಂಡನು, ಮನೆಗೆಲಸವನ್ನೆಲ್ಲ ಮುಗಿಸಿ ಹೋಗುವುದಾದರೆ ಹೋಗು ಎಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದ್ದನು. ಆಕೆ ಐದು ಗಂಟೆಗೆ ಎದ್ದು, ಮನೆ ಗುಡಿಸಿ, ಬಟ್ಟೆ ಒಗೆದು, ಎಮ್ಮೆಗಳಿಗೆ ಮೇವು ಹಾಕಿ, ಬೆರಣಿ ತಟ್ಟಿ, ಸ್ನಾನ ಮಾಡಿ, ಬೆಳಗಿನ ತಿಂಡಿಯನ್ನೂ ಮಧ್ಯಾಹ್ನದ ಊಟವನ್ನೂ ಸಿದ್ಧಪಡಿಸಿ ಕೆಲಸಕ್ಕೆ ಬರುತ್ತಿದ್ದಳು. ಸಂಜೆ ಮತ್ತೆ ಅಡುಗೆ. ಇದನ್ನು ಓದುತ್ತಿರುವ ಗಂಡಸರು, ಆ ಪಟ್ಟಿಯಲ್ಲಿ ತಾವು ಮಾಡಲಾಗದ ಕೆಲಸ ಯಾವುದೆಂದು ಒಮ್ಮೆ ಎಣಿಸಿ ನೋಡಬಹುದು.

ಒಳಚಡ್ಡಿಯ ಮಾತು

ಪ್ಯಾಡಾಗಲಿ ಬಟ್ಟೆಯಾಗಲಿ ಸರಿದಾಡದೆ ನಿಲ್ಲಬೇಕಾದರೆ ಮೈಗೊಪ್ಪುವ ಒಳಚಡ್ಡಿ ಬೇಕು. ನಮ್ಮ ಹಳ್ಳಿಗಳಲ್ಲಿ ಅನೇಕ ಸ್ತ್ರೀಯರಿಗೆ ಇದು ಮುಟ್ಟಿನ ದಿನಗಳ ಉಡುಪು ಮಾತ್ರ. ಕೆಲವರಿಗೆ ಅದೂ ಇಲ್ಲ, ಲಂಗದ ಲಾಡಿಗೆ ಬಟ್ಟೆಯನ್ನು ಸಿಕ್ಕಿಸಿಕೊಳ್ಳುತ್ತಾರೆ. ಹತ್ತಿಯ, ಬಹಳ ಬಿಗಿಯಲ್ಲದ ಮೂರು ನಾಲ್ಕು ಒಳಚಡ್ಡಿಗಳು ಇದ್ದರೆ ಸಾಕು. ನೈಲಾನಿನವು ಬೆವರನ್ನು ಹೀರುವುದಿಲ್ಲವಾದ್ದರಿಂದ ಹೊಲದಲ್ಲಿ ಬಾಗಿ ದುಡಿಯುವವರಿಗೆ ತೊಡೆ ಉಜ್ಜಿ ಉರಿಯಾಗುತ್ತದೆ.

ಪ್ಯಾಡಿನ ಗೊಡವೆಯೇ ಬೇಡದಂತೆ, ತಾನೇ ಹೀರಿಕೊಳ್ಳುವ ಒಳಚಡ್ಡಿಯೂ ಈಗ ಬಂದಿದೆ. ಮೈಗೆ ತಾಗುವ ಪದರವು ತೇವವನ್ನು ಕೆಳಗೆ ಎಳೆಯುತ್ತದೆ, ನಡುವಿನ ಪದರವು ಹಿಡಿದಿಡುತ್ತದೆ, ಹೊರಪದರವು ಸೋರದಂತೆ ತಡೆಯುತ್ತದೆ. ಒಗೆದು ಒಣಗಿಸಿ ಮತ್ತೆ ಬಳಸಬಹುದು. ಇದನ್ನು ಜನಪ್ರಿಯಗೊಳಿಸಿದವುಗಳಲ್ಲಿ ನ್ಯೂಯಾರ್ಕಿನ ಥಿಂಕ್ಸ್ ಎಂಬ ಕಂಪನಿಯೂ ಒಂದು. ಮುಟ್ಟಿನ ಮಾತನ್ನು ಆ ನಗರದ ರೈಲುನಿಲ್ದಾಣಗಳ ಜಾಹೀರಾತಿನಲ್ಲಿ ಧೈರ್ಯವಾಗಿ ಆಡಿದ ಸಂಸ್ಥೆ ಅದು. ಆದರೆ 2017ರಲ್ಲಿ, ಸಂಬಳವೂ ಹೆರಿಗೆ ರಜೆಯೂ ಸಾಲದೆಂದು ಅಲ್ಲಿನ ನೌಕರ ಸ್ತ್ರೀಯರೇ ದೂರಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸ್ಥಾಪಕಿಯು ಮುಖ್ಯಾಧಿಕಾರಿಯ ಸ್ಥಾನವನ್ನು ಬಿಟ್ಟರು. ಅನಂತರ ಆ ಉಡುಪುಗಳಲ್ಲಿ ಪಿಎಫ್‌ಎಎಸ್ ಎಂಬ, ಬೇಗ ನಾಶವಾಗದ ರಾಸಾಯನಿಕಗಳಿವೆಯೆಂದು ಗ್ರಾಹಕರು ಮೊಕದ್ದಮೆ ಹೂಡಿದರು. ಕಂಪನಿಯು ತಪ್ಪನ್ನು ಒಪ್ಪದೆಯೇ 2023ರಲ್ಲಿ 50 ಲಕ್ಷ ಡಾಲರುಗಳವರೆಗಿನ ಮೊತ್ತಕ್ಕೆ ರಾಜಿಯಾಯಿತು. ನಮ್ಮ ಪೇಟೆಗಳಲ್ಲಿಯೂ ಇಂತಹ ಉಡುಪು ದೊರೆಯುತ್ತದೆ. ಬೆಲೆ ಹೆಚ್ಚಾದ ಮಾತ್ರಕ್ಕೆ ಒಳ್ಳೆಯದೆಂದು ಭಾವಿಸದೆ, ಒಳಪದರ ಯಾವ ಬಟ್ಟೆಯದು, ಹೇಗೆ ಒಗೆಯಬೇಕು ಎಂಬುದನ್ನು ಕೇಳಿ ಕೊಳ್ಳಬೇಕು.

ಮನೆಯಲ್ಲಿ ಮಾಡಬೇಕಾದುದು

ಯಾವುದನ್ನೇ ಬಳಸಲಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು. ಸ್ರಾವ ಹೆಚ್ಚಿದ್ದರೆ ಇನ್ನೂ ಬೇಗ. ಬದಲಾಯಿಸುವ ಮುನ್ನವೂ ಆಮೇಲೂ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ, ಸಾಬೂನು ಹಾಕಿ ಒಗೆದು, ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಬೇಕು. ಬಿಸಿನೀರಿನಲ್ಲಿ ನೆನೆಸಿದರೆ ಕಲೆ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಇಸ್ತ್ರಿ ಮಾಡಿ ತೇವವನ್ನು ತೆಗೆಯಬಹುದು. ಬಿಸಾಡುವ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಬೇಕೇ ಹೊರತು ಪಾಯಿಖಾನೆಯ ಗುಂಡಿಗೆ ಹಾಕಬಾರದು.

ಬಿಸಿಲಿನಲ್ಲಿ ಒಣಗಿಸಬೇಕೆಂದು ಹೇಳುವುದು ಸುಲಭ. ಅತ್ತೆ ಮಾವ, ಮೈದುನಂದಿರು ಇರುವ ಮನೆಯಲ್ಲಿ ಸೊಸೆಯೊಬ್ಬಳು ಅದನ್ನು ತಾನಾಗಿ ಆರಂಭಿಸಲಾರಳು. ಇಲ್ಲಿ ಗಂಡನ ಕೆಲಸವಿದೆ. ಹಿತ್ತಿಲಲ್ಲಿ ಬಿಸಿಲು ಬೀಳುವ ಕಡೆ ಒಂದು ತಂತಿ ಕಟ್ಟಿಕೊಡುವುದು, ಬಚ್ಚಲಿಗೆ ಬಾಗಿಲು ಹಾಕಿಸುವುದು, ಆ ದಿನಗಳಲ್ಲಿ ಎರಡು ಕೊಡ ನೀರು ಹೆಚ್ಚು ತಂದಿಡುವುದು, ಯಾರಾದರೂ ಮೂಗು ಮುರಿದರೆ ಹೆಂಡತಿಯ ಪರವಾಗಿ ಒಂದು ಮಾತು ಆಡುವುದು. ತಿಂಗಳ ಸಾಮಾನಿನ ಚೀಟಿಯಲ್ಲಿ ಸಾಬೂನು, ಎಣ್ಣೆಗಳ ಜೊತೆಗೆ ಪ್ಯಾಡನ್ನೂ ಬರೆಯಬಹುದು. ಇದರ ಮೇಲಿದ್ದ ಜಿ.ಎಸ್.ಟಿ. ತೆರಿಗೆಯನ್ನು 2018ರ ಜುಲೈನಲ್ಲಿ ತೆಗೆದುಹಾಕಲಾಯಿತು. ಜನೌಷಧಿ ಕೇಂದ್ರಗಳಲ್ಲಿ 2019ರ ಆಗಸ್ಟಿನಲ್ಲಿ ಒಂದು ಪ್ಯಾಡಿನ ಬೆಲೆಯನ್ನು ಒಂದು ರೂಪಾಯಿಗೆ ಇಳಿಸಲಾಯಿತು.

ಕುಟುಂಬ ಯೋಜನೆಯ ಸಾಧನಗಳನ್ನು ಬಳಸುವ ದಂಪತಿಗಳಿಗೆ ಇದು ಇನ್ನಷ್ಟು ಮುಖ್ಯ. ಕಾಪರ್-ಟಿ ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ಸ್ರಾವವೂ ಹೊಟ್ಟೆನೋವೂ ಸ್ವಲ್ಪ ಹೆಚ್ಚಾಗಬಹುದು; ಕ್ರಮೇಣ ಕಡಿಮೆಯಾಗುತ್ತದೆ. ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾಗಬಹುದು, ಕೆಲವರಿಗೆ ನಿಂತೇ ಹೋಗಬಹುದು. ಇದನ್ನು ಮೊದಲೇ ತಿಳಿದಿದ್ದರೆ ಹೆದರಿಕೆಯಿಲ್ಲ. ಬದಲಾಯಿಸಲು ಶುಚಿಯಾದ ಬಟ್ಟೆ ಸಾಲದೆ, ಗಂಡನೊಡನೆ ಹೇಳಿಕೊಳ್ಳಲೂ ಆಗದೆ ಕಾಪರ್-ಟಿಯನ್ನು ತೆಗೆಸಿಕೊಂಡು, ಬೇಡದ ಬಸಿರಿಗೆ ಸಿಲುಕಿದ ಹೆಣ್ಣುಮಕ್ಕಳ ಸಂಕಟ ನಿಜವಾದುದು.

ಪ್ಯಾಡು ಅಥವಾ ಬಟ್ಟೆ ಗಂಟೆಗೊಂದರಂತೆ ತೊಯ್ಯುತ್ತಿದ್ದರೆ, ಸ್ರಾವವು ಏಳು ದಿನಗಳಿಗಿಂತ ಹೆಚ್ಚು ನಡೆದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಎರಡು ಮುಟ್ಟುಗಳ ನಡುವೆ ರಕ್ತ ಕಂಡರೆ, ಬಿಳಿಸೆರಗು ದುರ್ವಾಸನೆಯಿಂದ ಕೂಡಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಹೆಚ್ಚು ಸ್ರಾವದಿಂದ ರಕ್ತಹೀನತೆ ಉಂಟಾಗುತ್ತದೆ. ಅಲ್ಲಿ ರಕ್ತಪರೀಕ್ಷೆ ಮಾಡಿ ಕಬ್ಬಿಣಾಂಶದ ಮಾತ್ರೆಗಳನ್ನು ಕೊಡುತ್ತಾರೆ. ಹೋಗುವಾಗ ಕಳೆದ ಎರಡು ಮೂರು ಮುಟ್ಟಿನ ದಿನಾಂಕಗಳನ್ನೂ, ದಿನಕ್ಕೆ ಎಷ್ಟು ಬಾರಿ ಬದಲಾಯಿಸಬೇಕಾಯಿತೆಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಅನುಕೂಲ. ಹೆಂಡತಿಗೆ ಬರೆಯಲು ಬಾರದಿದ್ದರೆ ಗಂಡನು ಕೇಳಿ ಬರೆದುಕೊಡಲಿ. ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟರೂ ಆದೀತು.