ಸಿಪ್ಪೆ ಒಲೆ, ಲ್ಯಾಬಿನ ಗೇಟು ಮತ್ತು ನಿಯಮ 172

ಅನುದಾನ ಮಂಜೂರಾದ ಪತ್ರ ಬಂತೆಂದರೆ ಹಣ ಕೈಗೆ ಬಂದಂತೆಯೇ ಎಂದು ಬೆಂಗಳೂರಿನ ಗಿರಿನಗರದ ನಮ್ಮ ಬೀದಿಯಲ್ಲಿ ಎಲ್ಲರೂ ತಿಳಿದಿದ್ದರು. ಸೀತಾ ಸರ್ಕಲ್ ಬಳಿ ಎದುರಾದವರೆಲ್ಲ ಸಿಹಿ ಕೊಡಿಸಿ ಅಂದರು. ಆ ಪತ್ರ ಬಂದ ಮೇಲೆ ಪ್ರಯೋಗಾಲಯದ ಖಾತೆಗೆ ಒಂದು ರೂಪಾಯಿ ಬೀಳುವುದಕ್ಕೆ ಏನೇನು ದಾಟಬೇಕು ಎಂಬುದನ್ನು ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮುಂದೆ ಅರ್ಜಿ ಹಾಕುವವರು ನನ್ನ ಹಾಗೆ ಅಲೆಯಬಾರದು. ನಾನು ಹಿಡಿದ ಹಟ ಸರಿಯಾಗಿತ್ತು ಎಂಬುದೂ ಒಂದು ಕಡೆ ದಾಖಲಾಗಬೇಕು.

ನಾನು ಮಾಡಿದ್ದು ಅಡಿಕೆ ಬೇಯಿಸುವ ಹಂಡೆಗೆ ಹೊಂದುವ ಗ್ಯಾಸಿಫೈಯರ್ ಒಲೆ. ಸೌದೆಯ ಬದಲು ಅಡಿಕೆ ಸಿಪ್ಪೆಯಲ್ಲೇ ಉರಿಯುವಂಥದ್ದು. ಮಲೆನಾಡಿನವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ: ಸುಲಿದ ಸಿಪ್ಪೆ ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದು ಕೊಳೆಯುತ್ತಿರುತ್ತದೆ, ಅಲ್ಲೇ ಪಕ್ಕದ ಅಂಗಳದಲ್ಲಿ ಹಂಡೆಯ ಬುಡಕ್ಕೆ ಕಾಡಿನ ಸೌದೆ ಹೋಗುತ್ತಿರುತ್ತದೆ. ಸಾಗರದ ನಮ್ಮ ಮನೆಯಂಗಳದಲ್ಲಿ ಒಲೆ ಚೆನ್ನಾಗಿಯೇ ಉರಿದಿತ್ತು. ಹೊಗೆ ಕಮ್ಮಿಯಾದದ್ದು ಎಲ್ಲರ ಕಣ್ಣಿಗೂ ಕಂಡಿತ್ತು. ಕಣ್ಣಿಗೆ ಕಂಡದ್ದನ್ನು ಯಾವ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯೇ ಕಾಣದ ಒಲೆಯಿಂದಲೂ ಅದು ಬರುತ್ತಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದ ಒಲೆ ನಮ್ಮ ಅಜ್ಜಿಯ ಅಡುಗೆಮನೆಯಲ್ಲಿತ್ತು. ಆ ಕೇಂದ್ರದ ಎಂಜಿನಿಯರುಗಳಿಗೆ ಅಳೆದು ನೋಡುವ ಲ್ಯಾಬೂ ಕುಣಿಗಲ್ ತಾಲ್ಲೂಕಿನ ಉಂಗ್ರದ ಕೇಂದ್ರವೂ ಒಂದೇ ಸಂಸ್ಥೆಯೊಳಗೆ ಸಿಕ್ಕಿದ್ದವು. ಮೈಸೂರು ರಸ್ತೆಯ ಪಕ್ಕದಲ್ಲಿ ಬಾಡಿಗೆ ಶೆಡ್ಡು ಹಿಡಿದ ನನ್ನಂಥವರಿಗೆ ಲ್ಯಾಬು ಬೇಕೆಂದರೆ ದುಡ್ಡು ಕೊಡಬೇಕು.

ದುಡ್ಡು ಎಲ್ಲಿದೆ ಎಂಬುದು ಗುಟ್ಟಲ್ಲ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಯೋಜನೆಯಲ್ಲಿ ಪ್ರೊಟೊಟೈಪಿಗೆ 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ. 2021ರಲ್ಲಿ ಶುರುವಾದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ 20 ಲಕ್ಷದವರೆಗೆ ಅನುದಾನವಿತ್ತು, ಕಂತುಕಂತಾಗಿ. ಈ ಎರಡೂ ನವೋದ್ಯಮಗಳನ್ನು ಪೋಷಿಸುವ ಇನ್‌ಕ್ಯುಬೇಟರ್‌ಗಳ ಮೂಲಕ ಬರುವಂಥವು. ರಾಜ್ಯ ಸರ್ಕಾರದ ಎಲಿವೇಟ್‌ನಲ್ಲಿ 50 ಲಕ್ಷದವರೆಗೂ ಅವಕಾಶವಿದೆ. ನನಗೆ ಸಿಕ್ಕಿದ್ದು ಯಾವ ಯೋಜನೆ, ಯಾವ ಇನ್‌ಕ್ಯುಬೇಟರ್ ಎಂಬುದನ್ನು ಹೇಳುವುದಿಲ್ಲ. ಅಲ್ಲಿ ನನ್ನ ಕೈ ಹಿಡಿದವರೂ ಇದ್ದಾರೆ.

ಅರ್ಜಿ ಬರೆಯುವ ಮೊದಲೇ ನಾನು ಲ್ಯಾಬಿಗೆ ಹೋಗಿದ್ದೆ. “ಯಾವ ಸ್ಟ್ಯಾಂಡರ್ಡ್ ಪ್ರಕಾರ ಟೆಸ್ಟ್ ಮಾಡೋಣ?” ಎಂದು ಅವರು ಮೊದಲ ಮಾತಿಗೇ ಕೇಳಿದರು. ಸೌದೆ ಒಲೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 13152 ಇದೆ, 2013ರದ್ದು. ಫ್ಯಾನ್ ಇರುವ ಒಲೆಯಾದರೆ ಉಷ್ಣ ದಕ್ಷತೆ ಕನಿಷ್ಠ ಶೇ 35 ಇರಬೇಕು, ಇಲ್ಲದ್ದಾದರೆ ಶೇ 25. ಪಾತ್ರೆಗೆ ತಲುಪಿದ ಒಂದೊಂದು ಮೆಗಾಜೂಲ್ ಶಾಖಕ್ಕೆ ಮಾನಾಕ್ಸೈಡ್ 5 ಗ್ರಾಂ ದಾಟಬಾರದು. ಹೊಗೆಯ ಕಣಗಳು ಫ್ಯಾನ್ ಒಲೆಯಲ್ಲಿ 150 ಮಿಲಿಗ್ರಾಂ ದಾಟಬಾರದು. ಆದರೆ ಅದು ಅಡುಗೆಯ ಒಲೆಗೆ, ಸೌದೆಗೆ ಬರೆದದ್ದು. ಅಡಿಕೆ ಹಂಡೆಗೂ ಸಿಪ್ಪೆಗೂ ಅದರಲ್ಲಿ ಜಾಗವಿಲ್ಲ. ಹೊಸದನ್ನು ಮಾಡಹೊರಟವರೆಲ್ಲ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಮಾನಕವಿಲ್ಲದ ಪರೀಕ್ಷೆಗೆ ಲ್ಯಾಬು ಕೊಟೇಶನ್ ಕೊಡಲು ಹಿಂಜರಿಯುತ್ತದೆ. ಕೊಟೇಶನ್ ಇಲ್ಲದ ಖರ್ಚನ್ನು ಸಮಿತಿ ಬಜೆಟ್ಟಿನಿಂದ ಹೊಡೆದುಹಾಕುತ್ತದೆ. ಆ ಲ್ಯಾಬಿನ ಹಿರಿಯ ತಂತ್ರಜ್ಞರೊಬ್ಬರು ನನ್ನ ಜತೆ ಕೂತು ಪರೀಕ್ಷೆಯ ವಿಧಾನವನ್ನೇ ಬರೆದುಕೊಟ್ಟರು. ಮೊದಲು ಸಿಪ್ಪೆಯ ತೇವಾಂಶ, ಕ್ಯಾಲೊರಿಫಿಕ್ ಮೌಲ್ಯ, ಬೂದಿಯ ಪ್ರಮಾಣ, ಬೂದಿ ಕರಗುವ ಉಷ್ಣತೆ. ಆಮೇಲೆ ಹಂಡೆಯಲ್ಲಿ ನೀರು ಕುದಿಸಿ ದಕ್ಷತೆ, ಚಿಮಣಿಗೆ ಗ್ಯಾಸ್ ಅನಲೈಸರ್. ಇಬ್ಬರೂ ಸಹಿ ಹಾಕಿದ ಆ ಹಾಳೆಯನ್ನು ಅರ್ಜಿಗೆ ಲಗತ್ತಿಸಿದೆ. ಸಮಿತಿಯವರು ಒಲೆಯ ಬಗ್ಗೆ ಕೇಳಿದ್ದಕ್ಕಿಂತ ಹಾಳೆಯ ಬಗ್ಗೆ ಕೇಳಿದ್ದೇ ಹೆಚ್ಚು. ಅನುದಾನ ತಂದುಕೊಟ್ಟದ್ದು ಆ ಹಾಳೆ ಎಂದೇ ನನ್ನ ನಂಬಿಕೆ.

ಕಷ್ಟ ಶುರುವಾದದ್ದು ಆಮೇಲೆ. ಶೇ 18 ಜಿಎಸ್‌ಟಿ ಸೇರಿಸಿ ಪೂರ್ತಿ ಶುಲ್ಕ ಮುಂಗಡ ಕಟ್ಟಬೇಕು ಎಂದಿತು ಲ್ಯಾಬು. ಪರೀಕ್ಷೆ ಮುಗಿದು ಟ್ಯಾಕ್ಸ್ ಇನ್‌ವಾಯ್ಸ್ ಬಂದ ಮೇಲಷ್ಟೇ ಹಣ ಬಿಡುತ್ತೇವೆ ಎಂದಿತು ಇನ್‌ಕ್ಯುಬೇಟರ್‌ನ ಲೆಕ್ಕಪತ್ರ ವಿಭಾಗ. ಲ್ಯಾಬು ಮುಂಚಿತವಾಗಿ ಕೊಟ್ಟ ಪ್ರೊಫಾರ್ಮಾ ಇನ್‌ವಾಯ್ಸ್ ಹಿಡಿದು ಹೋದಾಗಲೆಲ್ಲ ಅಲ್ಲಿನ ಅಧಿಕಾರಿಯದು ಒಂದೇ ಉತ್ತರ: “ಇದು ಬಿಲ್ ಅಲ್ಲ.” ಜತೆಗೆ, ಮಾರ್ಚ್ 31ರೊಳಗೆ ಖರ್ಚಾಗದ ಹಣ ವಾಪಸ್ ಹೋಗುತ್ತದೆ, ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಕೊಡದಿದ್ದರೆ ಎರಡನೇ ಕಂತು ಇಲ್ಲ ಎಂಬ ಎಚ್ಚರಿಕೆ ಬೇರೆ. ಖರ್ಚು ಮಾಡಲು ಬಿಡದವರೇ ಖರ್ಚು ಮಾಡಿಲ್ಲ ಎಂದು ನೋಟಿಸ್ ಕೊಡುತ್ತಿದ್ದರು.

ಮಾರ್ಚ್ ಕೊನೆಯ ವಾರ ಲ್ಯಾಬಿನಲ್ಲಿ ದಿನ ಸಿಕ್ಕಿತು. ಹಿಂದಿನ ಸಂಜೆ ಅದೇ ಅಧಿಕಾರಿ ಫೋನಿನಲ್ಲಿ, “ಬೆಳಿಗ್ಗೆ ಆರ್‌ಟಿಜಿಎಸ್ ಆಗತ್ತೆ, ನೀವು ಒಲೆ ಕಳಿಸಿ” ಅಂದರು. ಬೆಳಗಾಗುವ ಮೊದಲೇ ಟಾಟಾ ಏಸ್‌ಗೆ ಒಲೆ ಹೇರಿ, ಸಿಪ್ಪೆಯ ಮೂಟೆಗಳನ್ನು ಸುತ್ತ ಜೋಡಿಸಿ ಹೊರಟೆವು. ಆ ಸಿಪ್ಪೆಯನ್ನು ಊರಿನಿಂದ ತರಿಸಿ, ಶೆಡ್ಡಿನ ತಾರಸಿಯಲ್ಲಿ ಒಣಗಿಸಿ, ತೇವಾಂಶ ಅಳೆದು ಹೊಲಿದಿಟ್ಟಿದ್ದೆ. ಸುಗ್ಗಿ ಮುಗಿದಿತ್ತು, ಬೇಕೆಂದರೂ ಹೊಸ ಸಿಪ್ಪೆ ಸಿಗುವ ಕಾಲವಲ್ಲ.

ಗೇಟಿನಲ್ಲಿ ಹಣ ಕಟ್ಟಿದ ರಸೀದಿ ಕೇಳಿದರು. ರಸೀದಿ ಇಲ್ಲದೆ ಸಾಮಾನು ಒಳಗೆ ಬಿಡುವಂತಿಲ್ಲ. ಅಧಿಕಾರಿಗೆ ಫೋನ್ ಮಾಡಿದರೆ “ಪ್ರೋಸೆಸ್‌ನಲ್ಲಿದೆ” ಅಂದರು. ಮತ್ತೆ ಮಾಡಿದರೆ ಎತ್ತಲಿಲ್ಲ. ಒಳಗಿನಿಂದ ಆ ತಂತ್ರಜ್ಞರು ಎರಡು ಸಲ ಗೇಟಿನವರೆಗೂ ಬಂದು ನೋಡಿದರು, ಅವರ ಕೈಯಲ್ಲೂ ಏನಿರಲಿಲ್ಲ. ಬಿಸಿಲು ಏರಿತು. ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ಮೋಡ ಕವಿದು, ಮೊದಲ ಬೇಸಿಗೆ ಮಳೆ ದಪ್ಪ ದಪ್ಪ ಹನಿಯಾಗಿ ಹೊಡೆಯಿತು. ಗಾಡಿಯಲ್ಲಿದ್ದದ್ದು ಒಂದೇ ಟಾರ್ಪಾಲು. ಒಲೆ ನೆನೆದರೆ ಒರೆಸಬಹುದು ಎಂದು ಅದನ್ನು ಮೂಟೆಗಳ ಮೇಲೆ ಎಳೆದೆ. ಒಂದು ತುದಿಯನ್ನು ನಾನು, ಇನ್ನೊಂದನ್ನು ಡ್ರೈವರ್ ಹಿಡಿದು ನಿಂತೆವು. ಗಾಳಿಗೆ ಅದು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಗಾಡಿಯ ತಳದಲ್ಲಿ ನೀರು ಹರಿದು ಕೆಳಗಿನ ಮೂಟೆಗಳು ಕಣ್ಣೆದುರೇ ಕಪ್ಪಾದವು. ಆ ಹೊತ್ತಿಗೆ ಫೋನ್ ಬಂತು: “ಸಾಹೇಬರ ಸಹಿ ಆಗಿಲ್ಲ. ಪ್ರೊಫಾರ್ಮಾ ಮೇಲೆ ದುಡ್ಡು ಕೊಟ್ಟರೆ ಆಡಿಟ್‌ನಲ್ಲಿ ನಾನು ಸಿಕ್ಕಿಹಾಕಿಕೊಳ್ತೀನಿ.” ಇದು ಅವರಿಗೆ ಬೆಳಿಗ್ಗೆಯೇ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಗಾಡಿ ವಾಪಸ್ ತಿರುಗಿಸುತ್ತಿದ್ದೆ, ಸಿಪ್ಪೆ ಉಳಿಯುತ್ತಿತ್ತು. ಆ ಒಂದು ಮಾತು ಹೇಳದಿದ್ದುದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅವತ್ತು ರಾತ್ರಿ ನಮ್ಮ ಭಾವ ಮನೆಗೆ ಬಂದರು. ಅಗತ್ಯ ಬಿದ್ದರೆ ಕೈಗಡ ಕೊಡುತ್ತೇನೆ ಎಂದು ತಾವಾಗಿಯೇ ಮಾತು ಕೊಟ್ಟಿದ್ದವರು, “ಸರ್ಕಾರದ ದುಡ್ಡು ನೆಚ್ಚಿ ಇದ್ದ ಕೆಲಸ ಬಿಟ್ಟಿದ್ದು ನೀನು” ಎಂದು ಹೇಳಿ ಊಟ ಮಾಡಿ ಹೋದರು.

ನಾನು ಅದೇ ರಾತ್ರಿ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಾವಳಿ 2017 ತೆರೆದು ಕೂತೆ. ಯುಸಿ ಕೊಡಬೇಕಾದದ್ದು ಅದರ 12-ಎ ನಮೂನೆಯಲ್ಲಿ; ಖರ್ಚೂ ಅದರ ಪ್ರಕಾರವೇ ಎಂದು ನನ್ನ ಒಪ್ಪಂದದಲ್ಲಿತ್ತು. ನಿಯಮ 172 ಸಿಕ್ಕಿತು. ಸಾಮಾನ್ಯವಾಗಿ ಕೆಲಸ ಆದ ಮೇಲೆಯೇ ಹಣ ಕೊಡಬೇಕು ಎಂದು ಅದು ಹೇಳುವುದು ನಿಜ. ಮುಂಗಡ ಅನಿವಾರ್ಯವಾದ ಕಡೆ ಖಾಸಗಿ ಸಂಸ್ಥೆಗೆ ಶೇ 30, ಸರ್ಕಾರಿ ಸಂಸ್ಥೆಗೆ ಅಥವಾ ಸಾರ್ವಜನಿಕ ಉದ್ಯಮಕ್ಕೆ ಶೇ 40 ಮೀರದಂತೆ ಕೊಡಬಹುದು ಎಂದೂ ಅದೇ ನಿಯಮ ಹೇಳುತ್ತದೆ. ನಾನು ಹೋಗುತ್ತಿದ್ದದ್ದು ಸರ್ಕಾರಿ ಲ್ಯಾಬಿಗೆ. ಆ ಪುಟವನ್ನೂ ಒಪ್ಪಂದವನ್ನೂ ಹಿಡಿದು, ಈ ಸಲ ಲೆಕ್ಕಪತ್ರ ವಿಭಾಗಕ್ಕೆ ಹೋಗದೆ ನೇರ ಇನ್‌ಕ್ಯುಬೇಟರ್‌ನ ಮುಖ್ಯಸ್ಥರ ಕೋಣೆಗೆ ಹೋದೆ. ಕರೆಸಿದಾಗ ಅಧಿಕಾರಿ, “ಇದು ನಮಗೆ ಅನ್ವಯಿಸಲ್ಲ ಸಾರ್” ಅಂದರು. ಮುಖ್ಯಸ್ಥರು ಎರಡನ್ನೂ ಓದಿ, ಹಾಗಾದರೆ ಯುಸಿ ಯಾವ ನಿಯಮದಲ್ಲಿ ಕೇಳುತ್ತಿದ್ದೀರಿ ಅಂದರು. ಉತ್ತರ ಬರಲಿಲ್ಲ. ಶೇ 40 ಮುಂಗಡ ಹೊರಟಿತು. ಉಳಿದದ್ದನ್ನು ವರದಿ ಸಿದ್ಧವಾದ ಕೂಡಲೇ ಕಟ್ಟುತ್ತೇವೆ ಎಂಬ ಸಂಸ್ಥೆಯ ಪತ್ರವನ್ನು ಲ್ಯಾಬು ಒಪ್ಪಿತು. ಉಳಿಕೆ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಲು ಅನುಮತಿಯನ್ನೂ ಮುಖ್ಯಸ್ಥರೇ ಕೇಳಿ ಪಡೆದರು. ಬೂಷ್ಟು ಹಿಡಿಯದೆ ಉಳಿದ ಸಿಪ್ಪೆಯನ್ನು ಮತ್ತೆ ಒಣಗಿಸಿದೆ.

ಪರೀಕ್ಷೆ ನಡೆದದ್ದು ಒಳ್ಳೆಯದಾಯಿತು. ಮಾನಾಕ್ಸೈಡಿನ ಬಗ್ಗೆ ಇದ್ದ ಹೆದರಿಕೆ ಹೋಯಿತು. ಅಂಗಳದಲ್ಲಿ ಎಂದೂ ಕಾಣದ ಒಂದು ತೊಂದರೆ ಅಲ್ಲಿ ಕಂಡಿತು: ದೀರ್ಘಕಾಲ ಉರಿದಾಗ ಸಿಪ್ಪೆಯ ಬೂದಿ ಕರಗಿ, ಜಾಲರಿಯ ಮೇಲೆ ಗಾಜಿನಂತೆ ಗಟ್ಟಿ ಕಟ್ಟುತ್ತಿತ್ತು. ಪೊಟ್ಯಾಷಿಯಂ ಹೆಚ್ಚಿರುವ ಬೂದಿಯ ಗುಣವೇ ಅದು, ಕಡಿಮೆ ಉಷ್ಣತೆಗೇ ಕರಗುತ್ತದೆ. ಕೆಳಗಿನ ಗಾಳಿ ಕಡಿಮೆ ಮಾಡಿ ಮೇಲಿನ ಗಾಳಿ ಹೆಚ್ಚಿಸಿದೆ, ಜಾಲರಿಯನ್ನು ಅಲುಗಾಡಿಸುವಂತೆ ಮಾಡಿದೆ. ಈ ವರದಿ ಇಲ್ಲದೆ ಒಲೆ ಮಾರಿದ್ದರೆ ಸುಗ್ಗಿಯ ನಡುವೆ ರೈತರ ಹಂಡೆ ತಣ್ಣಗಾಗುತ್ತಿತ್ತು.

ಕತ್ರಿಗುಪ್ಪೆ, ಹೊಸಕೆರೆಹಳ್ಳಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈಗ ಶೆಡ್ಡಿಗೆ ಬಂದು ಕೇಳುತ್ತಾರೆ. ಲ್ಯಾಬಿನ ಸಹಿಯಿರುವ ಪರೀಕ್ಷಾ ವಿಧಾನ ಕೈಯಲ್ಲಿಲ್ಲದೆ ಅರ್ಜಿ ಬರೆಯಬೇಡಿ ಎನ್ನುತ್ತೇನೆ. ಜಿಎಸ್‌ಟಿಯನ್ನು, ಮರುಪರೀಕ್ಷೆಯ ಖರ್ಚನ್ನು ಬಜೆಟ್ಟಿನಲ್ಲಿ ಬೇರೆ ಸಾಲಾಗಿ ತೋರಿಸಿ. ಫೋನಿನ ಭರವಸೆಯ ಮೇಲೆ ಗಾಡಿ ಹೊರಡಿಸಬೇಡಿ, ಹಣ ವರ್ಗಾವಣೆಯಾದದ್ದಕ್ಕೆ ಬ್ಯಾಂಕಿನ ಯುಟಿಆರ್ ನಂಬರ್ ಕೇಳಿ. ನಮ್ಮ ಇನ್‌ಕ್ಯುಬೇಟರ್‌ನ ಹೊಸ ಒಪ್ಪಂದದ ನಮೂನೆಯಲ್ಲಿ ಪ್ರಯೋಗಾಲಯಕ್ಕೆ ಮುಂಗಡ ಕೊಡುವ ಕಲಂ ಸೇರಿದೆ. ಅದಕ್ಕಾಗಿ ನಾನು ಬರೆದ ಪತ್ರಗಳು ಅವರ ಕಡತದಲ್ಲಿವೆ. ನಿಮ್ಮ ಒಪ್ಪಂದದಲ್ಲಿ ಆ ಕಲಂ ಇಲ್ಲದಿದ್ದರೆ ಸೇರಿಸಿಕೊಂಡ ಮೇಲೆ ಸಹಿ ಹಾಕಿ.