ಮೊದಲು ಪೆನ್ನು, ಆಮೇಲೆ ಸೂಜಿ

ಗದಗ-ಬೆಟಗೇರಿಯಲ್ಲಿ ವೈದ್ಯಕೀಯ ಸಹಾಯಕರ ಕೆಲಸ ಕಲಿಯಲು ಬರುವ ಹುಡುಗಿಯರು ಮೊದಲು ಕೇಳುವುದು, “ಅಕ್ಕಾರ, ಸೂಜಿ ಮಾಡೂದು ಯಾವಾಗ ಕಲಸ್ತೀರಿ?” ಖಾಸಗಿ ದವಾಖಾನೆಯೊಂದರಲ್ಲಿ ಚೀಟಿ ಮಾಡುವ ಮೇಜಿನಿಂದ ಬಿಲ್ಲಿನ ಕಿಟಕಿಯವರೆಗೆ ದುಡಿದ ನಾನು ಅವರ ಕೈಗೆ ಕೊಡುವುದು ಪೆನ್ನು.

ಶಿರಹಟ್ಟಿ ಕಡೆಯಿಂದ ಬರುವವರಲ್ಲಿ ಫಕ್ಕೀರೇಶ್ವರ ಮಠದ ಭಕ್ತರು ಬಹಳ. ಒಂದೇ ಸಾಲಿನಲ್ಲಿ ಫಕ್ಕೀರಪ್ಪ, ಫಕ್ಕೀರೇಶ, ಫಕ್ಕೀರವ್ವ ಎಲ್ಲರೂ ನಿಂತಿರುತ್ತಾರೆ. ಮುಂಡರಗಿಯವರಾದರೆ ಅನ್ನದಾನಪ್ಪಂದಿರು. ಆಧಾರ್‌ನಲ್ಲಿ ಫಕೀರವ್ವ, ಪಡಿತರ ಚೀಟಿಯಲ್ಲಿ ಫಕ್ಕೀರಮ್ಮ. ಲಕ್ಷ್ಮೇಶ್ವರ ಬೇರೆ ತಾಲೂಕಾದರೂ ಹಳೇ ಕಾಗದಗಳಲ್ಲಿ ಇನ್ನೂ ಶಿರಹಟ್ಟಿ ತಾಲೂಕೇ ಇರುತ್ತದೆ. ಬಾಯಲ್ಲಿ ಹೇಳಿದ ಹೆಸರನ್ನು ಬರೆದುಕೊಂಡರೆ ಮುಂದೆ ಸರ್ಕಾರಿ ಆರೋಗ್ಯ ಯೋಜನೆಯ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರ್ಡು ನೋಡಿಯೇ ಬರೆಯಬೇಕು.

2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ, ಮಿತಿ ಒಂದೂವರೆ ಲಕ್ಷ. ತುರ್ತು ಚಿಕಿತ್ಸೆ ಬಿಟ್ಟರೆ ಖಾಸಗಿಗೆ ಬರಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆಪರೇಷನ್‌ಗೆ ಮುಂಚೆ ಯೋಜನೆ ನಡೆಸುವ ಟ್ರಸ್ಟಿನ ಒಪ್ಪಿಗೆಯೂ ಬೇಕು. ಬಿಡುಗಡೆಯ ದಿನ ಸೆರಗಿನ ಗಂಟು ಬಿಚ್ಚಿ ಕಾರ್ಡು ತೆಗೆದ ಮುದುಕಿಯರಿಗೆ ಇದನ್ನು ತಿಳಿಸಿ ಹೇಳುವಷ್ಟು ಕಷ್ಟದ ಕೆಲಸ ಆ ಕಿಟಕಿಯಲ್ಲಿ ಇನ್ನೊಂದಿಲ್ಲ. ದಾಖಲಾಗುವಾಗಲೇ ಕಾರ್ಡು ಕೇಳುವುದು ನಮ್ಮ ಕೆಲಸ, ಅವರದಲ್ಲ.

ಬಿಪಿಯ ವಿಷಯವೂ ಇಂಥದ್ದೇ. ತುಂಬಿದ ಬಸ್ಸಿನಲ್ಲಿ ನಿಂತು ಬಂದು ಮೆಟ್ಟಿಲು ಹತ್ತಿದವರಿಗೆ ತಕ್ಷಣ ಪಟ್ಟಿ ಸುತ್ತಬಾರದು. ಐದು ನಿಮಿಷ ಸುಮ್ಮನೆ ಕೂರಿಸಿ, ಪಾದ ನೆಲಕ್ಕೆ ಊರಿಸಿ, ತೋಳನ್ನು ಎದೆಮಟ್ಟಕ್ಕೆ ಇಡಿಸಿ ನೋಡಬೇಕು. ಅರ್ಧ ಗಂಟೆಯೊಳಗೆ ಚಹಾ, ತಂಬಾಕು ಆಗಿದ್ದರೆ ಇನ್ನಷ್ಟು ಕಾಯಬೇಕು. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಎಂಟು ತಾಸು ನೀರು ಬಿಟ್ಟು ಬೇರೇನೂ ಹೋಗಿರಬಾರದು. “ಏನೂ ತಿಂದಿಲ್ಲವ್ವಾ, ಬರೇ ಚಾ ಕುಡದೀನಿ” ಎನ್ನುವವರೇ ಹೆಚ್ಚು. ಅದಕ್ಕೇ ನಾನು, “ಎದ್ದಾಗಿಂದ ಬಾಯಿಗೆ ಏನೇನ್ ಹಾಕ್ಕೊಂಡೀರಿ?” ಎಂದು ಕೇಳಲು ಹೇಳಿಕೊಡುತ್ತೇನೆ. 126 ದಾಟಿದರೆ ಸಕ್ಕರೆ ಕಾಯಿಲೆಯ ಶಂಕೆ ಬರುವ ಪರೀಕ್ಷೆಯಿದು, ಒಂದು ಕಪ್ ಚಹಾ ಅದನ್ನು ಕೆಡಿಸಬಲ್ಲದು.

ಮುಂಡರಗಿ ತಾಲೂಕಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೇ ಸಮಸ್ಯೆ. ಅದಕ್ಕೇ ಮೊಣಕಾಲು, ಬೆನ್ನು ಬಿಗಿದುಕೊಂಡು ಬಂದವರನ್ನು ಕುಡಿಯುವ ನೀರು ಯಾವುದೆಂದು ಕೇಳಿ ಬರೆದಿಟ್ಟರೆ ಡಾಕ್ಟರಿಗೆ ಅರ್ಧ ದಾರಿ ಸಿಕ್ಕಂತೆ.

ಪೆನ್ನು ಕೆಳಗಿಡುವ ಹೊತ್ತೂ ಇದೆ. ಎದೆನೋವು, ಹಾವು ಕಡಿತ, ಅಪಘಾತ ಬಂದಾಗ ಕಾರ್ಡು ಕೇಳುತ್ತಾ ನಿಲ್ಲಬಾರದು. ತುರ್ತು ಚಿಕಿತ್ಸೆಗೆ ಮುಂಗಡಕ್ಕಾಗಿ ಪಟ್ಟು ಹಿಡಿಯುವಂತಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಅದನ್ನೇ ಹೇಳುತ್ತದೆ.

ಓದುವವರಿಗೂ ಒಂದು ಮಾತು: ದವಾಖಾನೆಗೆ ಹೊರಡುವಾಗ ಆಧಾರ್, ಪಡಿತರ ಚೀಟಿ, ನುಂಗುತ್ತಿರುವ ಗುಳಿಗೆಗಳ ಹಾಳೆ ಮೂರನ್ನೂ ಒಂದೇ ಚೀಲದಲ್ಲಿ ಹಾಕಿಕೊಳ್ಳಿ, ಕಟ್ಟಿದ ದುಡ್ಡಿಗೆ ರಸೀದಿ ಕೇಳಿ ಪಡೆಯಿರಿ.