ಬಾಹ್ಯಾಕಾಶ ಪ್ರವಾಸ: ಟಿಕೆಟ್ ದುಡ್ಡು ಎಲ್ಲಿಗೆ ಹೋಗುತ್ತೆ?

ಮೊನ್ನೆ ಕ್ಯಾಂಟೀನ್‌ನಲ್ಲಿ ಕೂತಿದ್ದಾಗ ಬಾಹ್ಯಾಕಾಶ ಪ್ರವಾಸದ ಮಾತು ಬಂತು. ವರ್ಜಿನ್ ಗ್ಯಾಲಕ್ಟಿಕ್ ಕಂಪನಿ ಒಂದು ಸೀಟಿಗೆ 4,50,000 ಡಾಲರ್ ಬೆಲೆ ಇಟ್ಟಿತ್ತು ಅಂದೆ. ನಮ್ಮ ಲೆಕ್ಕದಲ್ಲಿ ಮೂರೂವರೆ ಕೋಟಿಗೂ ಮೇಲೆ. ಎದುರಿಗಿದ್ದ ಗೆಳೆಯ ಟೀ ಲೋಟ ಕೆಳಗಿಟ್ಟು, "ಲೋ, ಬಾಹ್ಯಾಕಾಶ ಶುರು ಆಗೋದು 100 ಕಿಲೋಮೀಟರ್‌ಗೆ ತಾನೆ? ಅದು ಇಲ್ಲಿಂದ ಮೈಸೂರಿಗಿಂತ ಹತ್ತಿರ ಕಣೋ. ಅಷ್ಟಕ್ಕೆ ಮೂರೂವರೆ ಕೋಟಿನಾ?" ಅಂದ.

ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ಚೆನ್ನಾಗಿತ್ತು. ಆ ದುಡ್ಡು ನಿಜವಾಗಿ ಯಾವುದಕ್ಕೆ ಖರ್ಚಾಗುತ್ತೆ? ಪೆನ್ನು, ಪೇಪರ್ ಇಟ್ಕೊಂಡು ನೋಡೋಣ.

ಮೊದಲು ಕರೆಂಟ್ ಬಿಲ್ ಲೆಕ್ಕ

ಒಂದು ಕಿಲೋ ತೂಕವನ್ನು 100 ಕಿ.ಮೀ. ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ 9.8 ಗುಣಿಸು 1,00,000, ಅಂದರೆ ಸುಮಾರು 1 ಮೆಗಾಜೂಲ್. 80 ಕಿಲೋ ತೂಕದ ಮನುಷ್ಯನಿಗೆ 80 ಮೆಗಾಜೂಲ್. ಒಂದು ಯೂನಿಟ್ ವಿದ್ಯುತ್ ಅಂದರೆ 3.6 ಮೆಗಾಜೂಲ್, ಆದ್ದರಿಂದ ಇದು ಬರೀ 22 ಯೂನಿಟ್. ಹಾಸ್ಟೆಲ್‌ನ 2 ಕಿಲೋವ್ಯಾಟ್ ಗೀಸರ್ ಹನ್ನೊಂದು ಗಂಟೆ ಉರಿದರೆ ಮುಗಿಯಿತು!

ಈಗ 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗೋಣ. ಎತ್ತರ ನಾಲ್ಕು ಪಟ್ಟು, ಹಾಗಾದ್ರೆ ಶಕ್ತಿಯೂ ನಾಲ್ಕು ಪಟ್ಟು ಸಾಕಾ? ಸಾಲದು. ಇಲ್ಲೇ ನಾವು ಎಡವೋದು. ಅಷ್ಟು ಎತ್ತರದಲ್ಲೂ ಭೂಮಿಯ ಗುರುತ್ವ ಸುಮಾರು 89 ಶೇಕಡಾ ಹಾಗೇ ಇರುತ್ತೆ. ಅಲ್ಲಿರುವವರು ತೇಲುವುದು ಗುರುತ್ವ ಇಲ್ಲ ಅಂತ ಅಲ್ಲ, ಅವರು ಸದಾ ಬೀಳುತ್ತಲೇ ಇದ್ದಾರೆ ಅಂತ. ಬೀಳುತ್ತಾ ಬೀಳುತ್ತಾ ನೆಲ ತಪ್ಪಿಸಿಕೊಳ್ಳಬೇಕಾದರೆ ಅಡ್ಡಕ್ಕೆ ಸೆಕೆಂಡಿಗೆ 7.7 ಕಿ.ಮೀ. ವೇಗ ಬೇಕು. ಆ ವೇಗದ ಚಲನ ಶಕ್ತಿಯೇ ಕಿಲೋಗೆ 29 ಮೆಗಾಜೂಲ್ ದಾಟುತ್ತೆ. ಎತ್ತರದ ಪಾಲು ಸೇರಿಸಿದರೆ ಸುಮಾರು 33. ಅಂದರೆ ಗೆಳೆಯನ 100 ಕಿ.ಮೀ. ಪ್ರಯಾಣಕ್ಕೆ ಬೇಕಾದದ್ದರ ಮೂವತ್ತಮೂರು ಪಟ್ಟು.

ಆದರೂ 80 ಕಿಲೋಗೆ 730 ಯೂನಿಟ್ ಅಷ್ಟೇ. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಐದು ಸಾವಿರ ಚಿಲ್ಲರೆ. 2022ರ ಏಪ್ರಿಲ್‌ನಲ್ಲಿ ಆಕ್ಸಿಯಂ ಕಂಪನಿ ಮೂವರು ಗಿರಾಕಿಗಳನ್ನು ಇದೇ ನಿಲ್ದಾಣಕ್ಕೆ ಕರೆದೊಯ್ದಾಗ ಸೀಟಿಗೆ ವರದಿಯಾದ ಬೆಲೆ 5.5 ಕೋಟಿ ಡಾಲರ್, ನಾನೂರು ಕೋಟಿ ರೂಪಾಯಿಗೂ ಹೆಚ್ಚು. ಐದು ಸಾವಿರ ಎಲ್ಲಿ, ನಾನೂರು ಕೋಟಿ ಎಲ್ಲಿ!

ಎರಡನೇ ಲೆಕ್ಕ: ಹೊರೆ

ರಾಕೆಟ್‌ಗೆ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ. ಇಂಧನ, ಅದನ್ನು ಉರಿಸಲು ಆಕ್ಸಿಜನ್, ಎರಡನ್ನೂ ತಾನೇ ಹೊರಬೇಕು. ಆಮೇಲೆ ಸುಡುವ ಇಂಧನವನ್ನು ಅಲ್ಲೀವರೆಗೆ ಹೊರಲು ಈಗಲೇ ಇನ್ನಷ್ಟು ಇಂಧನ ಸುಡಬೇಕು. ಇದನ್ನೇ ತ್ಸಿಯೋಲ್ಕೋವ್‌ಸ್ಕಿಯ ರಾಕೆಟ್ ಸಮೀಕರಣ ಹೇಳುತ್ತೆ: ಬೇಕಾದ ವೇಗವನ್ನು ಎಂಜಿನ್‌ನಿಂದ ಹೊರಬರುವ ಅನಿಲದ ವೇಗದಿಂದ ಭಾಗಿಸಿ, ಬಂದ ಸಂಖ್ಯೆಯನ್ನು 2.718ರ ಘಾತವಾಗಿ ಹಾಕಿ. ಅದೇ ಹೊರಡುವಾಗಿನ ತೂಕಕ್ಕೂ ಕೊನೆಯ ತೂಕಕ್ಕೂ ಇರುವ ಅನುಪಾತ.

ಅನಿಲದ ವೇಗ ಸೆಕೆಂಡಿಗೆ 3.4 ಕಿ.ಮೀ. ಅಂತ ಇಟ್ಕೊಳ್ಳಿ. ಗಾಳಿಯ ತಡೆ, ಗುರುತ್ವದ ನಷ್ಟ ಎಲ್ಲ ಸೇರಿ ಕಕ್ಷೆಗೆ ಹೋಗಲು ಸುಮಾರು 9.4 ಬೇಕು. ಅನುಪಾತ 16ರ ಹತ್ತಿರ ಬರುತ್ತೆ. ಅಂದರೆ 16 ಟನ್‌ನಲ್ಲಿ 15 ಟನ್ ಇಂಧನವೇ. ಟ್ಯಾಂಕು, ಎಂಜಿನ್, ಸೀಟು, ಮನುಷ್ಯ ಎಲ್ಲ ಉಳಿದ ಒಂದು ಟನ್‌ನಲ್ಲಿ ಹಿಡಿಯಬೇಕು. ಅದಕ್ಕೇ ಖಾಲಿಯಾದ ಹಂತಗಳನ್ನು ಕಳಚಿ ಬಿಸಾಡೋದು. 100 ಕಿ.ಮೀ. ಏರಿ ಹಾಗೇ ಇಳಿದು ಬರುವ ಸಬ್‌ಆರ್ಬಿಟಲ್ ಪ್ರಯಾಣಕ್ಕೆ 2.2 ಸಾಕು ಅಂತ ಹಿಡಿದರೆ ಅನುಪಾತ ಎರಡಕ್ಕೂ ಕಮ್ಮಿ. ಎಂಜಿನ್ ನಿಂತ ಮೇಲೆ ಮೂರ್ನಾಲ್ಕು ನಿಮಿಷ ತೇಲುವ ಅನುಭವ, ಆಮೇಲೆ ಇಳಿತ.

ಹಾಗಾಗಿ ಈ ವ್ಯಾಪಾರದಲ್ಲಿ ಎರಡು ಬೇರೆ ಬೇರೆ ಅಂಗಡಿಗಳಿವೆ. ಕಕ್ಷೆಯ ಅಂಗಡಿ ಮೊದಲು ತೆರೆಯಿತು. 2001ರ ಏಪ್ರಿಲ್ 28ರಂದು ಅಮೆರಿಕದ ಡೆನ್ನಿಸ್ ಟಿಟೊ, ಸುಮಾರು 2 ಕೋಟಿ ಡಾಲರ್ ಕೊಟ್ಟು, ರಷ್ಯಾದ ಸೋಯುಜ್ ಏರಿ ನಿಲ್ದಾಣಕ್ಕೆ ಹೋದರು. 2009ರ ಹೊತ್ತಿಗೆ ಹೀಗೆ ಹೋದವರು ಒಟ್ಟು ಏಳೇ ಜನ. ಸಬ್‌ಆರ್ಬಿಟಲ್ ಅಂಗಡಿಯ ಬಾಗಿಲು ತಟ್ಟಿದ್ದು ಬರ್ಟ್ ರುಟಾನ್ ತಂಡದ ಸ್ಪೇಸ್‌ಶಿಪ್‌ವನ್. ಎರಡು ವಾರದೊಳಗೆ ಎರಡು ಸಲ 100 ಕಿ.ಮೀ. ದಾಟಿ, 2004ರ ಅಕ್ಟೋಬರ್ 4ರಂದು ಅದು 1 ಕೋಟಿ ಡಾಲರ್‌ನ ಅನ್ಸಾರಿ ಎಕ್ಸ್ ಪ್ರೈಜ್ ಗೆದ್ದಿತು. ಆದರೆ ವರ್ಜಿನ್ ಗ್ಯಾಲಕ್ಟಿಕ್‌ನ ವಾಣಿಜ್ಯ ಹಾರಾಟ ಶುರುವಾದದ್ದು 2023ರ ಜೂನ್‌ನಲ್ಲಿ. ಮಧ್ಯದ ಹತ್ತೊಂಬತ್ತು ವರ್ಷ ಎಲ್ಲಿ ಹೋಯ್ತು?

ಒಂದು ಲಿವರ್

ಆ ವರ್ಷಗಳ ಮಧ್ಯೆ ಒಂದು ಸಾವಿದೆ. ವರ್ಜಿನ್‌ನ ಸ್ಪೇಸ್‌ಶಿಪ್‌ಟು ವಾಪಸ್ ಬರುವಾಗ ಬಾಲದ ಭಾಗವನ್ನು ಮೇಲಕ್ಕೆ ಮಡಚಿಕೊಳ್ಳುತ್ತಿತ್ತು. ಬ್ಯಾಡ್ಮಿಂಟನ್ ಕಾಕ್ ಹೇಗೆ ತಾನಾಗೇ ನೆಟ್ಟಗಾಗಿ ಬೀಳುತ್ತೋ, ಹಾಗೆ ನಿಧಾನವಾಗಿ, ಸ್ಥಿರವಾಗಿ ಇಳಿಯಲಿ ಅಂತ. ಜಾಣ ಉಪಾಯ. ಏರುವಾಗ ಆ ಬಾಲ ಲಾಕ್ ಆಗಿರಬೇಕು. ವೇಗ ಮ್ಯಾಕ್ 1.4 ದಾಟಿದ ಮೇಲಷ್ಟೇ ಸಹಪೈಲಟ್ ಲಾಕ್ ತೆಗೆಯಬೇಕು.

2014ರ ಅಕ್ಟೋಬರ್ 31. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಮೇಲೆ ಪರೀಕ್ಷಾ ಹಾರಾಟ. ಸಹಪೈಲಟ್ ಮೈಕೆಲ್ ಆಲ್ಸ್‌ಬರಿ ಮ್ಯಾಕ್ 0.8ರ ಹತ್ತಿರವೇ ಲಾಕ್ ತೆಗೆದರು. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ಒತ್ತಡ ಬಾಲವನ್ನು ತಾನೇ ಎತ್ತಿಬಿಟ್ಟಿತು. ನೌಕೆ ಗಾಳಿಯಲ್ಲೇ ಚೂರುಚೂರಾಯಿತು. ಆಲ್ಸ್‌ಬರಿ ತೀರಿಕೊಂಡರು, ಪೈಲಟ್ ಪೀಟರ್ ಸೀಬೋಲ್ಡ್ ಪ್ಯಾರಾಚೂಟ್‌ನಿಂದ ಬದುಕಿದರು.

"ಪೈಲಟ್ ತಪ್ಪು" ಅಂತ ಫೈಲ್ ಮುಚ್ಚೋದು ಸುಲಭವಿತ್ತು. ಆದರೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಬೊಟ್ಟು ಮಾಡಿದ್ದು ನೌಕೆ ಕಟ್ಟಿದ ಸ್ಕೇಲ್ಡ್ ಕಾಂಪೋಸಿಟ್ಸ್ ಕಂಪನಿಯ ಕಡೆಗೆ. ಮನುಷ್ಯನ ಒಂದೇ ಒಂದು ತಪ್ಪು ಇಡೀ ನೌಕೆಯನ್ನು ಕೆಡವಬಹುದು ಅನ್ನೋದನ್ನು ವಿನ್ಯಾಸ ಮಾಡುವಾಗ ಯೋಚಿಸಲಿಲ್ಲ, ತಡೆಯುವ ಏರ್ಪಾಡೂ ಇರಲಿಲ್ಲ ಅಂತ. ತರಬೇತಿ ಪಡೆದ ಪೈಲಟ್ ಇಂಥ ತಪ್ಪು ಮಾಡಲಾರ ಅನ್ನೋ ನಂಬಿಕೆ ಡ್ರಾಯಿಂಗ್ ಬೋರ್ಡ್‌ನಲ್ಲೇ ಕೂತಿತ್ತು. ಮುಂದೆ ಬಂದ ನೌಕೆಯಲ್ಲಿ ಬೇಗ ಲಾಕ್ ತೆಗೆಯಲು ಹೋದರೂ ತೆಗೆಯಲಾಗದ ಹಾಗೆ ತಡೆ ಅಳವಡಿಸಿದರು.

ಎರಡೇ ಪ್ಯಾರಾಚೂಟ್

ಇನ್ನೊಂದು ಕಥೆ ಬ್ಲೂ ಆರಿಜಿನ್‌ನದ್ದು. 2022ರ ಸೆಪ್ಟೆಂಬರ್ 12ರಂದು ಅವರ ನ್ಯೂ ಶೆಪರ್ಡ್ ರಾಕೆಟ್ ಹಾರಿ ಸುಮಾರು ಒಂದು ನಿಮಿಷಕ್ಕೆ ಎಂಜಿನ್ ನಳಿಗೆ ವಿಪರೀತ ಬಿಸಿಗೆ ಮುರಿಯಿತು. ಆ ಸಲ ಒಳಗೆ ಜನ ಇರಲಿಲ್ಲ. ಕ್ಯಾಪ್ಸೂಲ್‌ನ ಪಾರುಗಾಣಿಕೆ ಮೋಟಾರ್ ತಾನಾಗೇ ಹೊತ್ತಿಕೊಂಡು, ಕ್ಯಾಪ್ಸೂಲನ್ನು ರಾಕೆಟ್‌ನಿಂದ ದೂರ ಎಳೆದು, ಪ್ಯಾರಾಚೂಟ್‌ನಲ್ಲಿ ಇಳಿಸಿತು. ರಾಕೆಟ್ ಹಾಳಾಯಿತು, ಕ್ಯಾಪ್ಸೂಲ್ ಉಳಿಯಿತು.

ಮತ್ತೆ ಜನರನ್ನು ಕೂರಿಸಿಕೊಂಡು ಹಾರಿದ್ದು 2024ರ ಮೇ 19ಕ್ಕೆ. ಆ ಆರು ಜನರಲ್ಲಿ ವಿಜಯವಾಡದಲ್ಲಿ ಹುಟ್ಟಿದ ಗೋಪಿಚಂದ್ ತೋಟಕೂರ ಇದ್ದರು, ಭಾರತದ ಮೊದಲ ಬಾಹ್ಯಾಕಾಶ ಪ್ರವಾಸಿ. ಜೊತೆಗೆ 90 ವರ್ಷದ ಎಡ್ ಡ್ವೈಟ್. ಇಳಿಯುವಾಗ ಮೂರು ಪ್ಯಾರಾಚೂಟ್‌ಗಳಲ್ಲಿ ಒಂದು ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಆದರೂ ಎಲ್ಲರೂ ಕ್ಷೇಮವಾಗಿ ಇಳಿದರು. ಯಾಕಂದ್ರೆ ಒಂದು ಕೈಕೊಟ್ಟರೂ ಇಳಿಯುವ ಹಾಗೇ ಅದನ್ನು ಕಟ್ಟಿದ್ದರು.

ಈಗ ಎರಡು ಕಥೆ ಪಕ್ಕಪಕ್ಕ ಇಡಿ. ಒಂದರಲ್ಲಿ ಒಂದು ತಪ್ಪಿಗೆ ಒಂದು ಜೀವ ಹೋಯಿತು. ಇನ್ನೊಂದರಲ್ಲಿ ಎಂಜಿನ್ನೂ ಕೆಟ್ಟಿತು, ಮುಂದೊಂದು ದಿನ ಪ್ಯಾರಾಚೂಟೂ ಕೈಕೊಟ್ಟಿತು, ಆದರೂ ಯಾರಿಗೂ ಏನೂ ಆಗಲಿಲ್ಲ. ಟಿಕೆಟ್ ದುಡ್ಡಿನ ದೊಡ್ಡ ಪಾಲು ಹೋಗುವುದು ಇಲ್ಲಿಗೇ. ಹೆಚ್ಚಾಗಿ ಬಳಕೆಗೇ ಬಾರದ ಮೋಟಾರ್, "ಒಂದು ವೇಳೆ" ಅಂತ ಇಟ್ಟ ಮೂರನೇ ಪ್ಯಾರಾಚೂಟ್, ಜನರಿಲ್ಲದೆ ಹಾರಿಸಿ ನೋಡುವ ಪರೀಕ್ಷೆಗಳು, ಹಾರದೆ ಕೂತ ತಿಂಗಳುಗಳು.

ಅಗ್ಗ ಆಗುತ್ತಾ?

ಮರುಬಳಕೆ ಬಂದಿದೆ. 2015ರಲ್ಲಿ ನ್ಯೂ ಶೆಪರ್ಡ್ ಮತ್ತು ಫಾಲ್ಕನ್ 9 ಎರಡೂ ಬೂಸ್ಟರ್ ಇಳಿಸಿ ತೋರಿಸಿದವು. ಆದರೂ ನಿಲ್ದಾಣದ ಸೀಟು 2022ರ ಹೊತ್ತಿಗೆ 2 ಕೋಟಿ ಡಾಲರ್‌ನಿಂದ 5.5 ಕೋಟಿಗೆ ಏರಿತ್ತು. ಫಾಲ್ಕನ್ 9ರ ಎರಡನೇ ಹಂತ ಈಗಲೂ ಪ್ರತಿ ಸಲ ಹೋಗೇ ಹೋಗುತ್ತೆ, ಮಾರುವವರೂ ಬೆರಳೆಣಿಕೆಯಷ್ಟು. ರಾಕೆಟ್ ಅಗ್ಗವಾದ ಮಾತ್ರಕ್ಕೆ ಸೀಟು ಅಗ್ಗ ಆಗಲ್ಲ. ನಂಬಿಕೆ ಅಗ್ಗವಾಗಬೇಕು, ಅದಕ್ಕೆ ಸಾವಿರಾರು ಸುರಕ್ಷಿತ ಹಾರಾಟ ಬೇಕು.

ಅಲ್ಲೀವರೆಗೆ ಕಾನೂನು ಏನು ಹೇಳುತ್ತೆ? ಅಮೆರಿಕದಲ್ಲಿ ಈ ನೌಕೆಗಳಿಗೆ ವಿಮಾನದ ಹಾಗೆ ಸರ್ಕಾರದ ಸುರಕ್ಷತಾ ಪ್ರಮಾಣಪತ್ರ ಇಲ್ಲ. ಕಂಪನಿ ಆ ಮಾತನ್ನೇ ಬರವಣಿಗೆಯಲ್ಲಿ ತಿಳಿಸಿ, ಅಪಾಯ ವಿವರಿಸಿ, ಪ್ರಯಾಣಿಕರ ಸಹಿ ಪಡೆಯಬೇಕು. ಆದರೆ ಸಹಿ ಹಾಕುವವರಿಗೆ ಲಿವರ್ ಬಗ್ಗೆ ಏನು ಗೊತ್ತು? ಗೊತ್ತಿರಬೇಕಾದವರು ಅದನ್ನು ವಿನ್ಯಾಸ ಮಾಡಿದ ಎಂಜಿನಿಯರ್‌ಗಳು.

ಅಂದರೆ ನಾವು. ಬೆಂಗಳೂರಿನಲ್ಲಿ ಇಸ್ರೋದ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇದೆ. ಗಗನಯಾನದಲ್ಲಿ ಮನುಷ್ಯರು ಹಾರುವ ಮುಂಚೆಯೇ, 2023ರ ಅಕ್ಟೋಬರ್ 21ರಂದು, ಶ್ರೀಹರಿಕೋಟಾದಲ್ಲಿ ಇಸ್ರೋ ಪರೀಕ್ಷಿಸಿದ್ದು ಪಾರಾಗುವ ವ್ಯವಸ್ಥೆಯನ್ನು. ಈಗ ಯೋಚಿಸಿದರೆ ಆ ಕ್ರಮ ಎಷ್ಟು ಸರಿ ಅನ್ನಿಸುತ್ತೆ.

ಕೊನೆಗೆ ಒಂದು ಹೋಮ್‌ವರ್ಕ್. ನಿಮ್ಮ ಈ ಸೆಮಿಸ್ಟರ್‌ನ ಪ್ರಾಜೆಕ್ಟ್ ತಗೊಳ್ಳಿ, ರಾಕೆಟ್ಟೇ ಆಗಬೇಕಿಲ್ಲ. ಬಳಸುವವರು ಒಂದು ಸ್ವಿಚ್ಚನ್ನು ಐದು ಸೆಕೆಂಡ್ ಮುಂಚೆ ಒತ್ತಿದರೆ ಏನಾಗುತ್ತೆ ಅಂತ ಬರೆಯಿರಿ. "ಯಾರೂ ಹಾಗೆ ಒತ್ತಲ್ಲ ಬಿಡಿ" ಅನ್ನೋದು ನಿಮ್ಮ ಉತ್ತರವಾದರೆ, ಆ ಡ್ರಾಯಿಂಗ್ ಇನ್ನೊಮ್ಮೆ ತೆಗೆದು ನೋಡಿ.